ಟ್ಯೂಬೋ, ಟ್ಯೂಬ್‌ಲೆಸ್ಸೋ? ಮೊದಲು ಸತ್ತ ಟ್ಯೂಬ್ ನೋಡಿ

"ಎಂಟಿಬಿಗೆ ಟ್ಯೂಬ್‌ಲೆಸ್ ಮಾಡಿಸಲಾ?" ಅಂತ ಈ ಬೇಸಿಗೆಯಲ್ಲಿ ಮೂರು ಜನ ಕೇಳಿದರು. ಎಂಟಿಬಿ ಅಂದರೆ ಗುಡ್ಡಗಾಡಿಗೆ ಅಂತ ಮಾಡಿದ ಮೌಂಟನ್ ಬೈಕ್ ಸೈಕಲ್. ಒಬ್ಬರು ಯಲಹಂಕದವರು. ಪ್ರತಿ ಭಾನುವಾರ ಅವಲಹಳ್ಳಿ ಕಾಡಿನ ಕಡೆ ಹೋಗುತ್ತಾರೆ. ಇನ್ನೊಬ್ಬರು ಬನಶಂಕರಿಯಿಂದ ಹೊರವರ್ತುಲ ರಸ್ತೆ ಹಿಡಿದು ಬೆಳ್ಳಂದೂರಿನ ಆಫೀಸಿಗೆ ಎಂಟಿಬಿಯಲ್ಲೇ ಹೋಗುತ್ತಾರೆ. ಮೂರನೆಯವರು ಜಯನಗರದವರು. ಅವರ ಸೈಕಲ್ ಇರೋದು ಬಾಲ್ಕನಿಯಲ್ಲಿ. ತಿಂಗಳಿಗೊಮ್ಮೆ, ಮನಸ್ಸು ಬಂದರೆ, ಕಾರಿನ ಹಿಂದೆ ಕಟ್ಟಿಕೊಂಡು ನಂದಿ ಬೆಟ್ಟ.

ಮೂರನೆಯವರಿಗೆ ನಿಂತ ಜಾಗದಲ್ಲೇ ಉತ್ತರ ಕೊಟ್ಟೆ: ಬೇಡ. ಉಳಿದಿಬ್ಬರಿಗೆ ವಾಪಸ್ ಒಂದು ಪ್ರಶ್ನೆ ಹಾಕಿದೆ. "ಪಂಚರ್ ಆದ ಹಳೇ ಟ್ಯೂಬ್ ಇಟ್ಟಿದ್ದೀರಾ, ಬಿಸಾಕಿದ್ರಾ?"

ಖರ್ಚು ಮಾಡುವ ಮೊದಲು ಸತ್ತ ಟ್ಯೂಬ್‌ಗಳ ಪೋಸ್ಟ್‌ಮಾರ್ಟಂ ಆಗಬೇಕು. ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿ, ತೂತು ಎಲ್ಲಿದೆ ನೋಡಿ. ಟಯರ್ ಕಡೆಯ ಮೈಯಲ್ಲಿ ಸೂಜಿ ಚುಚ್ಚಿದ ಹಾಗೆ ಒಂದೇ ತೂತು ಇದ್ದರೆ ಮುಳ್ಳು, ಇಲ್ಲವೇ ತಂತಿ ಚೂರು. ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದ ಹಾಗೆ ಇದ್ದರೆ ಗಾಳಿ ಕಮ್ಮಿ ಇತ್ತು, ಕಲ್ಲಿಗೋ ಗುಂಡಿಗೋ ಬಡಿದು ಟ್ಯೂಬ್ ಅದಕ್ಕೂ ರಿಮ್ಮಿಗೂ ಮಧ್ಯೆ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ತೂತು ರಿಮ್ ಕಡೆಗಿದ್ದರೆ ಒಳಗಿನ ರಬ್ಬರ್ ಪಟ್ಟಿ ಜರುಗಿ ಸ್ಪೋಕ್ ತೂತಿನ ಅಂಚು ಕೊರೆದಿದೆ. ಇದಕ್ಕೆ 100 ರೂಪಾಯಿಯೊಳಗಿನ ಹೊಸ ಪಟ್ಟಿ ಸಾಕು. ವಾಲ್ವ್ ಬುಡದಲ್ಲಿ ಹರಿದಿದ್ದರೆ ಪಂಪ್ ಹೊಡೆಯುವಾಗ ನೀವೇ ಎಳೆದಾಡಿದ್ದೀರಿ. ಮೊದಲ ಎರಡು ರೋಗಕ್ಕೆ ಮಾತ್ರ ಟ್ಯೂಬ್‌ಲೆಸ್ ಔಷಧಿ. ಕೊನೆಯ ಎರಡಕ್ಕೆ ದುಡ್ಡು ಸುರಿಯೋದು ಸುಮ್ನೆ.

ಎರಡನೆಯ ಪ್ರಶ್ನೆ, ಸೈಕಲ್ ಎಷ್ಟು ಸಲ ಹೊರಗೆ ಬರುತ್ತದೆ ಅನ್ನೋದು. ಟ್ಯೂಬ್‌ಲೆಸ್ ಟಯರ್ ಒಳಗೆ ಸೀಲಂಟ್ ಇರುತ್ತದೆ. ಬಹುಪಾಲು ರಬ್ಬರ್ ಹಾಲಿನಿಂದ ಮಾಡಿದ್ದು, ನಮ್ಮ ಗುಂಪಿನಲ್ಲಿ ಎಲ್ಲರೂ ಹಾಲು ಅಂತಲೇ ಕರೆಯೋದು. ಚಕ್ರ ತಿರುಗುತ್ತಿದ್ದರೆ ಅದು ಒಳಗೆಲ್ಲ ಸವರಿಕೊಂಡು ಇರುತ್ತದೆ. ನಿಂತಿದ್ದರೆ ಕೆಳಗೆ ಕೊಚ್ಚೆಯ ಹಾಗೆ ಸೇರಿ ಗಟ್ಟಿಯಾಗುತ್ತದೆ. ಓಡಿಸಿದರೂ ಬಿಟ್ಟರೂ ಎರಡು ಮೂರು ತಿಂಗಳಿಗೆ ತೆಗೆದು ನೋಡಿ ಮತ್ತೆ ಸುರಿಯಬೇಕು. ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಇನ್ನೂ ಬೇಗ ಒಣಗುತ್ತದೆ. ಬಾಲ್ಕನಿ ಸೈಕಲ್‌ಗೆ ಬೇಡ ಅಂದದ್ದು ಇದಕ್ಕೇ. ಆರು ತಿಂಗಳು ಬಿಟ್ಟು ಟಯರ್ ಬಿಚ್ಚಿದರೆ ಒಳಗೆ ಒಡೆದ ಹಾಲಿನ ಗಡ್ಡೆಗಳು ಸಿಗುತ್ತವೆ, ವಾಲ್ವ್ ಕಟ್ಟಿಕೊಂಡಿರುತ್ತದೆ, ಟಯರ್ ನೆಲ ಕಚ್ಚಿರುತ್ತದೆ.

ಮೂರನೆಯದು, ಈಗ ಇರುವ ರಿಮ್ ಮತ್ತು ಟಯರ್ ಎಂಥದ್ದು ಅನ್ನೋದು. ನಾಲ್ಕನೆಯದು ದುಡ್ಡು. 18 ಸಾವಿರದ ಸೈಕಲ್‌ಗೆ 12 ಸಾವಿರ ಸುರಿಯುವುದು ಒಳ್ಳೆಯ ಲೆಕ್ಕ ಅಲ್ಲ, ಅಲ್ವಾ? ಐದನೆಯದನ್ನು ಯಾರೂ ಕೇಳಿಕೊಳ್ಳೋದಿಲ್ಲ: ಕೈ ಕೊಳೆ ಮಾಡಿಕೊಳ್ಳುವ ತಾಳ್ಮೆ ಇದೆಯಾ? ಟ್ಯೂಬ್ ಆದರೆ ಯಾವ ರಸ್ತೆ ಬದಿಯ ಪಂಚರ್ ಅಂಗಡಿಯವರೂ ಹಾಕಿಕೊಡುತ್ತಾರೆ. ಸೈಕಲ್ ಟ್ಯೂಬ್‌ಲೆಸ್ ಅಂದರೆ ಅವರಲ್ಲಿ ಜಾಸ್ತಿ ಜನ ಮುಖ ನೋಡುತ್ತಾರೆ.

"ನನ್ನ ಸ್ಕೂಟರ್ ಟ್ಯೂಬ್‌ಲೆಸ್ಸೇ, ಅದರಲ್ಲಿ ಯಾವ ಹಾಲೂ ಇಲ್ವಲ್ಲ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸ್ಕೂಟರ್‌ನ ಅಲಾಯ್ ಚಕ್ರದಲ್ಲಿ ಸ್ಪೋಕ್ ಇಲ್ಲ, ಹಾಗಾಗಿ ಗಾಳಿ ಹೋಗಲು ತೂತೂ ಇಲ್ಲ. ಟಯರ್ ದಪ್ಪ, ಒಳಗೆ ಗಾಳಿ ಬಿಡದ ರಬ್ಬರ್ ಪದರ ಬೇರೆ. ಸೈಕಲ್ ರಿಮ್ಮಿನಲ್ಲಿ ಸಾಮಾನ್ಯವಾಗಿ 28, 32 ಇಲ್ಲವೇ 36 ಸ್ಪೋಕ್ ತೂತು. ಟಯರ್‌ನ ಪಕ್ಕೆ ಬರೀ ತೆಳ್ಳಗಿನ ಬಟ್ಟೆ, ಮೇಲೆ ರಬ್ಬರ್ ಸವರಿದ್ದು. ಅದಕ್ಕೇ ರಿಮ್ಮಿಗೆ ಟೇಪ್, ಟಯರ್‌ಗೆ ಹಾಲು. ಪಂಚರ್ ಅಂಗಡಿಯಲ್ಲಿ ಸ್ಕೂಟರ್‌ಗೆ ತುರುಕುವ ದಪ್ಪ ಸ್ಟ್ರಿಪ್ ಕೂಡ ಇಲ್ಲಿ ನಡೆಯೋದಿಲ್ಲ. ಅದನ್ನು ನುಗ್ಗಿಸುವ ದಬ್ಬಣವೇ ನಿಮ್ಮ ಟಯರ್‌ನಲ್ಲಿ ದೊಡ್ಡ ತೂತು ಮಾಡುತ್ತದೆ. ಸೈಕಲ್‌ಗೆ ಅಂತಲೇ ತೆಳು ಪ್ಲಗ್ ಬರುತ್ತದೆ, ಅದು ಚೀಲದಲ್ಲಿರಲಿ.

ಇನ್ನು ಮುಳ್ಳು. ಬೆಂಗಳೂರಿನ ಸುತ್ತ ಟಯರ್‌ನ ಶತ್ರು ಅಂದರೆ ಜಾಲಿ ಮತ್ತು ನೆಗ್ಗಿಲು. ಜಾಲಿ ಮುಳ್ಳು ಉದ್ದ, ನೆಟ್ಟಗೆ ಒಳಗೆ ಹೋಗಿ ಮುರಿದುಕೊಳ್ಳುತ್ತದೆ. ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ. ಈ ಗಿಡಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಪಂಚರ್ ವೈನ್. ಹೆಸರಘಟ್ಟದ ಕಡೆ ಒಣ ಬಯಲಲ್ಲಿ ನೀರು ಕುಡಿಯೋಕೆ ಅಂತ ಹಾದಿ ಬಿಟ್ಟು ಹತ್ತು ಹೆಜ್ಜೆ ಸೈಕಲ್ ತಳ್ಳಿದ್ದೆ. ಎರಡೂ ಚಕ್ರಕ್ಕೆ ಸೇರಿ ಹನ್ನೊಂದು ನೆಗ್ಗಿಲು. ಆಗ ಟ್ಯೂಬ್ ಇತ್ತು, ಚೀಲದಲ್ಲಿ ಪ್ಯಾಚ್ ಇದ್ದದ್ದು ಆರು. ಉಳಿದದ್ದು ಮುಖ್ಯರಸ್ತೆವರೆಗೆ ನಡಿಗೆ, ಆಮೇಲೆ ಗೂಡ್ಸ್ ಆಟೋ.

ಈಗ ಒಂದೊಂದು ದಾರಿ ನೋಡೋಣ.

ಟ್ಯೂಬ್ ಇರಲಿ, ಸ್ವಲ್ಪ ಬುದ್ಧಿ ಉಪಯೋಗಿಸಿ

ಬಹಳ ಜನಕ್ಕೆ ಇದೇ ಸಾಕು. ಟ್ಯೂಬ್ ಒಳಗೇ ಹಾಲು ಹಾಕಬಹುದು. ನಿಮ್ಮದು ಕಾರು-ಬೈಕಿನ ಥರದ ದಪ್ಪ ವಾಲ್ವ್, ಅಂದರೆ ಶ್ರೇಡರ್ ಆಗಿದ್ದರೆ ಒಳಗಿನ ಪಿನ್ನು ಬಿಚ್ಚಿಕೊಳ್ಳುತ್ತದೆ, ಅಲ್ಲಿಂದ ಸುರಿದರೆ ಆಯಿತು. ಸಣ್ಣ ಪ್ರೆಸ್ಟಾ ವಾಲ್ವ್ ಆದರೆ ಬಿಚ್ಚುವಂಥದ್ದಾ ಅಂತ ನೋಡಿಕೊಳ್ಳಿ. ಸಣ್ಣ ಮುಳ್ಳಿಗೆ ಇದು ಕೆಲಸ ಮಾಡುತ್ತದೆ. ಹಾವು ಕಚ್ಚಿದ ಸೀಳಿಗೆ ಮಾಡೋದಿಲ್ಲ.

ಟಯರ್ ಮತ್ತು ಟ್ಯೂಬ್ ಮಧ್ಯೆ ಇಡುವ ಪ್ಲಾಸ್ಟಿಕ್ ಲೈನರ್ ಪಟ್ಟಿ ಇನ್ನೊಂದು ಉಪಾಯ. ಆಫೀಸಿಗೆ ಹೋಗುವವರಿಗೆ ಚೆನ್ನಾಗಿದೆ. ಚಕ್ರ ಸ್ವಲ್ಪ ಭಾರ ಆಗುತ್ತದೆ, ಪಟ್ಟಿಯ ತುದಿ ಸರಿಯಾಗಿ ಕೂರದಿದ್ದರೆ ಅದೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಅಂಚಿಗೆ ಟೇಪ್ ಸುತ್ತಿ ಕೂರಿಸಿ.

ಈಗ ಟಿಪಿಯು ಅಂತ ತೆಳ್ಳನೆ ಪ್ಲಾಸ್ಟಿಕ್ ಟ್ಯೂಬ್ ಬಂದಿವೆ. ಮಾಮೂಲಿ ಟ್ಯೂಬಿನ ಅರ್ಧಕ್ಕಿಂತ ಕಮ್ಮಿ ತೂಕ, ಮಡಿಸಿದರೆ ಜೇಬಲ್ಲಿ ಹಿಡಿಯುತ್ತದೆ. ದುಬಾರಿ. ಸ್ಪೇರ್ ಆಗಿ ಇಟ್ಟುಕೊಳ್ಳೋಕೆ ನನಗೆ ಇಷ್ಟ, ಮುಳ್ಳಿನ ಕಾಡಿಗೆ ಇದೇ ಪರಿಹಾರ ಅನ್ನೋದನ್ನು ಒಪ್ಪೋದಿಲ್ಲ.

ಟ್ಯೂಬ್‌ನ ನಿಜವಾದ ಮಿತಿ ಮುಳ್ಳಲ್ಲ, ಗಾಳಿ. ಹಾವು ಕಚ್ಚದಿರಲಿ ಅಂತ ಗಾಳಿಯ ಒತ್ತಡ 30-35 ಪಿಎಸ್‌ಐ ಇಡಲೇಬೇಕು. ತುರಹಳ್ಳಿಯಂಥ ಬಂಡೆ ನೆಲದ ಮೇಲೆ ಅಷ್ಟು ಗಟ್ಟಿ ಟಯರ್ ಚೆಂಡಿನ ಹಾಗೆ ಪುಟಿಯುತ್ತದೆ.

ಇಪ್ಪತ್ತು ಇಂಚಿನ ಟ್ಯೂಬಿನ ಜುಗಾಡ್

ಇದು ಬಡವರ ಟ್ಯೂಬ್‌ಲೆಸ್. 26 ಇಂಚಿನ ಚಕ್ರಕ್ಕೆ ಮಕ್ಕಳ ಸೈಕಲ್‌ನ 20 ಇಂಚಿನ ಟ್ಯೂಬ್ ಎಳೆದು ಕೂರಿಸೋದು. ಅದನ್ನು ಹೊರಗಿನಿಂದ ಉದ್ದಕ್ಕೂ ಕತ್ತರಿಸಿ ಎರಡೂ ಕಡೆ ರಿಮ್ ಮೇಲೆ ಹರಡೋದು. ಮೇಲೆ ಟಯರ್, ಒಳಗೆ ಹಾಲು, ಗಾಳಿ. ಕೂತ ಮೇಲೆ ಅಂಚಿನಲ್ಲಿ ಉಳಿದ ರಬ್ಬರ್ ಬ್ಲೇಡಿನಿಂದ ಸವರೋದು. ವಾಲ್ವ್ ಆ ಟ್ಯೂಬಿನದ್ದೇ. ಟೇಪೂ ಬೇಡ, ಹೊಸ ವಾಲ್ವೂ ಬೇಡ. ಟ್ಯೂಬ್ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಹಾಲು ಬಿಟ್ಟರೆ ಖರ್ಚೇ ಇಲ್ಲ ಅನ್ನಬಹುದು.

ಕೆಲಸ ಮಾಡುತ್ತದಾ? ಮಾಡುತ್ತದೆ. ನಾನು ಎಂಟು ತಿಂಗಳು ಓಡಿಸಿದ್ದೇನೆ. ಆದರೆ ಟಯರ್ ಒಮ್ಮೆ ಬಿಚ್ಚಿದರೆ ಸವರಿದ ರಬ್ಬರ್ ಮತ್ತೆ ಸರಿಯಾಗಿ ಕೂರೋದಿಲ್ಲ, ಹೊಸ ಟ್ಯೂಬ್ ಕತ್ತರಿಸಬೇಕು. ನಡುದಾರಿಯಲ್ಲಿ ಟಯರ್ ಬಿಚ್ಚಬೇಕಾಗಿ ಬಂದರೆ ಅಂಟು, ಹಾಲು, ಮಣ್ಣು ಎಲ್ಲ ಸೇರಿ ಒಂದು ರಾದ್ಧಾಂತ. ಕೈಯಲ್ಲಿ ಮಾಡುವ ಖುಷಿ ಇರುವವರಿಗೆ, ಹಳೇ 26 ಇಂಚಿನ ಸೈಕಲ್ ಇರುವವರಿಗೆ ಸರಿ. ಬೇರೆಯವರಿಗೆ ಹೇಳೋದಿಲ್ಲ.

ಇರುವ ಚಕ್ರಕ್ಕೇ ಟೇಪ್, ವಾಲ್ವ್, ಹಾಲು

ಟ್ಯೂಬ್‌ಲೆಸ್ ಮಾಡಿಸೋದು ಅಂತ ಜನ ಹೇಳುವಾಗ ಇದನ್ನೇ ಹೇಳೋದು. ಇಲ್ಲಿ ಎಲ್ಲ ನಿಂತಿರೋದು ರಿಮ್ ಮತ್ತು ಟಯರ್ ಮೇಲೆ.

ಮೊದಲು ರಿಮ್ ಮೇಲಿನ ಸ್ಟಿಕರ್ ಓದಿ. 622×25 ಅಂತಲೋ 584×23 ಅಂತಲೋ ಇರುತ್ತದೆ. 622 ಅಂದರೆ 29 ಇಂಚು, 584 ಅಂದರೆ 27.5, 559 ಅಂದರೆ 26. ಎರಡನೆಯ ಸಂಖ್ಯೆ ಒಳಗಿನ ಅಗಲ, ಮಿಲಿಮೀಟರಿನಲ್ಲಿ. ಟೇಪ್ ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಜಾಸ್ತಿ ಅಗಲ ಬೇಕು, ಗೋಡೆಯಿಂದ ಗೋಡೆಗೆ ಮುಚ್ಚಬೇಕು. ಪಕ್ಕದಲ್ಲೇ ಟ್ಯೂಬ್‌ಲೆಸ್ ರೆಡಿ ಅಂತಲೋ, ಟಿಎಲ್‌ಆರ್, ಟಿಆರ್, ಟಿಸಿಎಸ್ ಅಂತಲೋ ಬರೆದಿದ್ದರೆ ಅರ್ಧ ಯುದ್ಧ ಗೆದ್ದಂತೆ. ಅಂಥ ರಿಮ್ಮಿನಲ್ಲಿ ಟಯರ್ ಅಂಚು ಕೂರುವ ಮೆಟ್ಟಿಲು ಇರುತ್ತದೆ, ಒಮ್ಮೆ ಕೂತರೆ ಸುಲಭಕ್ಕೆ ಜಾರೋದಿಲ್ಲ.

ಟಯರ್ ಪಕ್ಕದಲ್ಲೂ ಇದೇ ಅಕ್ಷರಗಳನ್ನು ಹುಡುಕಿ. ಕಡಿಮೆ ಬೆಲೆಯ ಸೈಕಲ್ ಜೊತೆ ಬರುವ ತಂತಿ ಅಂಚಿನ ಟಯರ್‌ನಲ್ಲಿ ಇವು ಇರೋದಿಲ್ಲ. ಅದರ ಪಕ್ಕೆಯಿಂದ ಬೆವರಿನ ಹಾಗೆ ಹಾಲು ಒಸರುತ್ತದೆ. ಅಂಚೂ ಸಡಿಲ.

ನಾನು ಇದನ್ನು ಬೈಸಿಕೊಂಡು ಕಲಿತೆ. ಸಾಧಾರಣ ರಿಮ್, ಸಾಧಾರಣ ಟಯರ್, ಯಾರೋ ಮಾಡಿದ ವಿಡಿಯೋ ನೋಡಿ ಧೈರ್ಯ. ಮನೆ ಮುಂದೆ ಚೆನ್ನಾಗೇ ಓಡಿತು. ಮಂಚನಬೆಲೆ ಕಡೆ ಇಳಿಜಾರಿನ ತಿರುವಿನಲ್ಲಿ ಸೈಕಲ್ ಒಂದು ಪಕ್ಕಕ್ಕೆ ವಾಲಿದಾಗ ಟಯರ್ ಅಂಚು ಒಂದು ಕ್ಷಣ ರಿಮ್ ಬಿಟ್ಟಿತು. ತೇಗಿದ ಹಾಗೆ ಬುಸ್ ಅಂತ ಗಾಳಿ, ಜೊತೆಗೆ ಅರ್ಧ ಹಾಲು, ನೇರ ಕನ್ನಡಕದ ಮೇಲೆ. ಇದಕ್ಕೆ ಸವಾರರು ಬರ್ಪ್ ಅಂತಲೇ ಹೇಳೋದು. ಬೀಳಲಿಲ್ಲ, ಮೊಣಕೈ ಮಾತ್ರ ಬೇಲಿಗೆ ಉಜ್ಜಿತು. ಹಿಂದೆ ಬರುತ್ತಿದ್ದವರು ಬೈದರು. ಆ ಜರ್ಸಿಯ ಮೇಲಿನ ಬಿಳಿ ಕಲೆ ಇವತ್ತಿಗೂ ಹೋಗಿಲ್ಲ.

ಹಾಗಾಗಿ ರಿಮ್ ರೆಡಿ ಇದ್ದು ಟಯರ್ ಮಾಮೂಲಿ ಇದ್ದರೆ ಟಯರ್ ಸವೆಯುವವರೆಗೆ ಕಾಯಿರಿ, ಬದಲಿಸುವಾಗ ಒಟ್ಟಿಗೇ ಮಾಡಿ. ಟಯರ್ ರೆಡಿ ಇದ್ದು ರಿಮ್ ಮಾಮೂಲಿ, ಆದರೆ ಎರಡು ಗೋಡೆಯದ್ದು (ಡಬಲ್ ವಾಲ್, ಒಂದರ ಮೇಲೊಂದು ಎರಡು ತಳ ಇರುವಂಥದ್ದು) ಅಂದರೆ ಮಾಡಬಹುದು. ಗಾಳಿ ತೀರಾ ಇಳಿಸಬೇಡಿ. ಒಂದೇ ಗೋಡೆಯ ರಿಮ್ ಆದರೆ ಮರೆತುಬಿಡಿ.

ಟೇಪ್ ಕೆಲಸದಲ್ಲಿ ಉಳಿತಾಯ ಮಾಡಬೇಡಿ. ಕರೆಂಟ್ ಕೆಲಸದ ಕಪ್ಪು ಟೇಪ್ ಅಂಟು ಬಿಟ್ಟು ಜರುಗುತ್ತದೆ. ಒಂದು ಅಂಗಡಿಯಲ್ಲಿ ಅದನ್ನೇ ಸುತ್ತಿ ನನ್ನಿಂದ ಪೂರ್ತಿ ದುಡ್ಡು ತೆಗೆದುಕೊಂಡಿದ್ದರು, ವಾರಕ್ಕೆ ಸ್ಪೋಕ್ ಬುಡದಿಂದ ಹಾಲು ಬಂತು. ಟೆಸಾ 4289 ಅನ್ನುವ ಪ್ಯಾಕಿಂಗ್ ಟೇಪ್ ಸವಾರರು ಬಹಳ ಕಾಲದಿಂದ ಬಳಸುತ್ತಿದ್ದಾರೆ, ಅದು ನಡೆಯುತ್ತದೆ. ರಿಮ್ಮನ್ನು ಸ್ಪಿರಿಟ್ ಹಾಕಿ ಒರೆಸಿ, ಟೇಪ್ ಎಳೆದು ಬಿಗಿಯಾಗಿ ಸುತ್ತಿ, ವಾಲ್ವ್ ತೂತು ದಾಟಿ ಒಂದು ಗೇಣು ಮೇಲೆ ಮೇಲೆ ಬರಲಿ. ತೂತು ಮಾಡಲು ಬ್ಲೇಡ್ ಬೇಡ. ಮೊಳೆ ಕಾಯಿಸಿ ಚುಚ್ಚಿ. ಅಂಚು ಕರಗಿ ದುಂಡಗಾಗುತ್ತದೆ, ಮುಂದೆ ಹರಿಯೋದಿಲ್ಲ. ಆಮೇಲೆ ಒಂದು ರಾತ್ರಿ ಟ್ಯೂಬ್ ಹಾಕಿ ಗಾಳಿ ತುಂಬಿ ಇಡಿ, ಟೇಪ್ ಚೆನ್ನಾಗಿ ಒತ್ತಿಕೊಳ್ಳುತ್ತದೆ. ವಾಲ್ವ್ ನಟ್ಟು ಕೈಯಲ್ಲೇ ಬಿಗಿ ಮಾಡಿ. ಇಕ್ಕಳ ಹಿಡಿದು ತಿರುಗಿಸಿದರೆ ದಾರಿಯಲ್ಲಿ ಬಿಚ್ಚೋಕೆ ಆಗದೆ ಒದ್ದಾಡುತ್ತೀರಿ.

ಟಯರ್ ಕೂರಿಸೋಕೆ ಒಮ್ಮೆಲೇ ಜೋರು ಗಾಳಿ ಬೇಕು. ಫ್ಲೋರ್ ಪಂಪ್‌ನಲ್ಲಿ ಅದೃಷ್ಟ ಇದ್ದರೆ ಆಗುತ್ತದೆ. ಇಲ್ಲದಿದ್ದರೆ ವಾಲ್ವ್ ಪಿನ್ನು ತೆಗೆದು, ಪ್ರೆಸ್ಟಾಗೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಹಾಕಿಕೊಂಡು, ಸ್ಕೂಟರ್ ಪಂಚರ್ ಅಂಗಡಿಯ ಕಂಪ್ರೆಸರ್ ಹತ್ತಿರ ಹೋಗಿ. ಸೋಪಿನ ನೀರು ಅಂಚಿಗೆ ಸವರಿ. ಟಪ್, ಟಪ್ ಅಂತ ಎರಡು ಸದ್ದು ಬರಬೇಕು, ಒಂದೊಂದು ಪಕ್ಕಕ್ಕೆ ಒಂದು. ಟಯರ್ ಮೇಲೆ ಬರೆದ ಮಿತಿ ದಾಟಲು ಬಿಡಬೇಡಿ. ಅಂಗಡಿಯವರಿಗೆ ಲಾರಿ ಟಯರ್ ಅಭ್ಯಾಸ, ಕೈ ತಡೆಯಿರಿ. ಕೂತ ಮೇಲೆ ಗಾಳಿ ಬಿಟ್ಟು ವಾಲ್ವ್ ಮೂಲಕ ಹಾಲು ಹಾಕಿ. 29 ಇಂಚಿಗೆ ಸುಮಾರು 100-120 ಮಿಲಿಲೀಟರ್, 27.5 ಇಂಚಿಗೆ ಹತ್ತಿಪ್ಪತ್ತು ಕಮ್ಮಿ.

ಖರ್ಚು: ಎರಡೂ ಚಕ್ರಕ್ಕೆ ಟೇಪ್, ವಾಲ್ವ್, ಹಾಲು ಸೇರಿ ನನಗೆ ಆಗಿದ್ದು 3 ಸಾವಿರದ ಆಸುಪಾಸು. ಹೊಸ ರೆಡಿ ಟಯರ್ ಬೇಕಾದರೆ ಒಂದಕ್ಕೆ ಇನ್ನೊಂದು 3-5 ಸಾವಿರ. ಸೈಕಲ್ ಹಗುರ ಆಗುತ್ತೆ ಅನ್ನುವ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. 29 ಇಂಚಿನ ಟ್ಯೂಬ್ 200 ಗ್ರಾಂ ಚಿಲ್ಲರೆ, ಹಾಲು 100 ಚಿಲ್ಲರೆ. ಉಳಿಯೋದು ಎಷ್ಟು ಅಂತ ನೀವೇ ಕಳೆಯಿರಿ. ಸಿಗುವ ಲಾಭ ಬೇರೆ. 70 ಕೆಜಿ ಸವಾರ 2.25 ಇಂಚು ಅಗಲದ ಟಯರ್‌ನಲ್ಲಿ ಹಿಂದೆ 24, ಮುಂದೆ 22 ಪಿಎಸ್‌ಐ ಆರಾಮವಾಗಿ ಇಡಬಹುದು. ಬೇರಿನ ಮೇಲೆ, ಸಡಿಲ ಜಲ್ಲಿಯ ಮೇಲೆ ಟಯರ್ ಹಿಡಿಯುವ ಹಿಡಿತ ಒಮ್ಮೆ ಕಂಡರೆ ವಾಪಸ್ ಹೋಗಲು ಮನಸ್ಸಾಗೋದಿಲ್ಲ. ನಂದಿಯ ಡಾಂಬರು ಏರಿನಲ್ಲಿ ಮಾತ್ರ ಇದೇನೂ ಗೊತ್ತಾಗೋದಿಲ್ಲ.

ಹೊಸ ವೀಲ್‌ಸೆಟ್

ಸೈಕಲ್ ಒಳ್ಳೆಯದಿದ್ದು, ರಿಮ್ ಹೇಗೂ ಡೊಂಕಾಗಿದ್ದರೆ ಮಾತ್ರ. ಕೊಳ್ಳುವ ಮುಂಚೆ ಹಿಂದಿನ ಹಬ್, ಅಂದರೆ ಚಕ್ರದ ನಡುಭಾಗ ನೋಡಿ. ಏಳು ಗೇರಿನ ಹಳೇ ಸೈಕಲ್‌ಗಳಲ್ಲಿ ಹಿಂದಿನ ಹಲ್ಲುಚಕ್ರಗಳ ಗುಚ್ಛ ತಿರುಪಿ ಕೂರಿಸುವ ಫ್ರೀವೀಲ್ ಆಗಿರುತ್ತದೆ, ಹೊಸ ಚಕ್ರಗಳಲ್ಲಿ ಜಾರಿಸಿ ಕೂರಿಸುವ ಕ್ಯಾಸೆಟ್. ಆಕ್ಸಲ್ (ಚಕ್ರದ ಅಚ್ಚು) 135 ಮಿಲಿಮೀಟರಿನ ಕ್ವಿಕ್ ರಿಲೀಸೋ 148ರ ಬೂಸ್ಟ್ ಅನ್ನುವ ಅಗಲದ್ದೋ, ಬ್ರೇಕ್ ಡಿಸ್ಕ್ ಆರು ಬೋಲ್ಟಿನದ್ದೋ ನಡುವೆ ಒಂದೇ ನಟ್ಟಿನ ಸೆಂಟರ್ ಲಾಕೋ ಅಂತಲೂ ನೋಡಿ. ಇದರಲ್ಲಿ ಒಂದು ತಪ್ಪಿದರೂ ಚಕ್ರದ ಹಿಂದೆ ಕ್ಯಾಸೆಟ್, ಶಿಫ್ಟರ್, ಡಿಸ್ಕ್ ಅಂತ ಖರ್ಚಿನ ಮೆರವಣಿಗೆ. ಕೆಲವೊಮ್ಮೆ ಹಳೇ ಹಬ್ ಇಟ್ಟುಕೊಂಡು ರೆಡಿ ರಿಮ್ ಮಾತ್ರ ಹೊಸದಾಗಿ ಕಟ್ಟಿಸೋದು ಜಾಣತನ. ಸ್ಪೋಕ್ ಕಟ್ಟುವ ಕೈ ಚೆನ್ನಾಗಿರುವವರು ಸಿಗಬೇಕು ಅಷ್ಟೇ.

ಬೆಳ್ಳಂದೂರಿನ ಆಫೀಸಿನವರು ಐದು ಸತ್ತ ಟ್ಯೂಬ್ ತಂದರು. ಮೂರರಲ್ಲಿ ಕೂದಲೆಳೆಯಂಥ ಉಕ್ಕಿನ ತಂತಿಯ ತೂತು. ಲಾರಿ ಟಯರ್ ಸಿಡಿದಾಗ ರಸ್ತೆ ಅಂಚಿನಲ್ಲಿ ಉಳಿಯುವ ತಂತಿ ಅದು. ಒಂದು ವಾಲ್ವ್ ಬುಡ, ಒಂದು ಹಾವು ಕಡಿತ. ರಿಮ್ ಮೇಲೆ ಯಾವ ಅಕ್ಷರವೂ ಇಲ್ಲ, ಟಯರ್ ತಂತಿ ಅಂಚಿನದ್ದು. ಲೈನರ್ ಹಾಕಿಸಿ, ಟ್ಯೂಬಿಗೆ ಹಾಲು ಹಾಕಿ, ವಾರಕ್ಕೊಮ್ಮೆ ಗಾಳಿ ನೋಡಿ ಅಂದೆ. ಸ್ವಲ್ಪ ನಿರಾಸೆ ಆಯಿತು ಅವರಿಗೆ. ಹೊಸದೇನೋ ಮಾಡಿಸುವ ಉತ್ಸಾಹದಲ್ಲಿ ಬಂದಿದ್ದರು ಪಾಪ.

ಯಲಹಂಕದವರು ತಂದದ್ದು ಒಂಬತ್ತು. ಎಂಟು ಮುಳ್ಳು. ರಿಮ್ 622×25, ಟ್ಯೂಬ್‌ಲೆಸ್ ರೆಡಿ, ಟಯರ್ ಕೂಡ. ಯೋಚಿಸುವಂಥದ್ದೇನೂ ಇರಲಿಲ್ಲ. ಅವರ ಮನೆ ಪೋರ್ಟಿಕೋದಲ್ಲೇ ಕೂತು ಟೇಪ್ ಸುತ್ತಿದೆವು.

ಮೂರು ವಾರ ಬಿಟ್ಟು ಫೋಟೋ ಕಳಿಸಿದರು. ಟಯರ್ ಮೈಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ, ಪ್ರತಿ ಚುಕ್ಕೆಯ ನಡುವೆ ಒಂದು ಮುಳ್ಳಿನ ಬುಡ. "ಏಳು ಇದೆ. ಕೀಳಲಾ?" ದಾರಿಯಲ್ಲಿ ಕೀಳಬೇಡಿ, ಮನೆಯಲ್ಲಿ ಒಂದೊಂದಾಗಿ ಕಿತ್ತು, ಕಿತ್ತ ತಕ್ಷಣ ಆ ಜಾಗ ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಹಿಡಿಯಿರಿ ಅಂತ ಬರೆದೆ. ಇನ್ನೊಂದನ್ನೂ ಸೇರಿಸಿದೆ: ಚೀಲದಲ್ಲಿ ಒಂದು ಟ್ಯೂಬ್ ಇದ್ದೇ ಇರಲಿ. ಟಯರ್ ಪಕ್ಕೆ ಕಲ್ಲಿಗೆ ಸೀಳಿ ಅದನ್ನು ಹಾಕುವ ದಿನ ಬಂದರೆ, ಮೊದಲು ಟಯರ್ ಒಳಗೆ ಬಟ್ಟೆ ಹಿಡಿದು ಸುತ್ತ ಒರೆಸಿ. ಇಷ್ಟು ದಿನ ಹಾಲು ತಡೆದುಕೊಂಡಿದ್ದ ಮುಳ್ಳುಗಳೆಲ್ಲ ಅಲ್ಲೇ ಕಾಯುತ್ತಿರುತ್ತವೆ.